ತೂತು ಬಿದ್ದ ಚಿಪ್ಪು, ಗಾಯ ಮಾಯ್ದ ಚಿಪ್ಪು

ಏಳನೇ ಸೆಮಿಸ್ಟರ್ ಶುರುವಾಯಿತೆಂದರೆ ನಮ್ಮ ಹಾಸ್ಟೆಲಿನ ಭಾಷೆಯೇ ಬದಲಾಗುತ್ತದೆ. 'ಊಟ ಆಯ್ತಾ?' ಎಂದು ಕೇಳುತ್ತಿದ್ದವರು 'ಎಷ್ಟು ಪ್ರಾಬ್ಲಮ್ ಆಯ್ತು?' ಎಂದು ಕೇಳತೊಡಗುತ್ತಾರೆ. ಪಕ್ಕದ ರೂಮಿನವನು ಕೋಡಿಂಗ್‌ನಲ್ಲಿ ಇನ್ನೂರು ಮುಗಿಸಿದ ಅಂದರೆ ನಮಗೆ ನಿದ್ದೆ ಬರುವುದಿಲ್ಲ. ನಾವು ಒದ್ದಾಡಿ ಮುನ್ನೂರು ಮುಟ್ಟುವಷ್ಟರಲ್ಲಿ ಅವನು ನಾನೂರಕ್ಕೆ ಹೋಗಿರುತ್ತಾನೆ. ಒಂದು ಕಾಲದಲ್ಲಿ ಒಂದೇ ಒಂದು ಇಂಟರ್ನ್‌ಶಿಪ್ ಇದ್ದರೂ ರೆಸ್ಯೂಮೆಗೆ ತೂಕ ಬರುತ್ತಿತ್ತಂತೆ, ಸೀನಿಯರ್‌ಗಳು ಹೇಳುತ್ತಾರೆ. ಈಗ ಎಲ್ಲರ ಹತ್ತಿರವೂ ಎರಡೆರಡಿವೆ. ಎಲ್ಲರೂ ಒಂದೊಂದು ಮೆಟ್ಟಿಲು ಹತ್ತಿದ್ದೇವೆ, ಸಾಲಿನಲ್ಲಿ ನಮ್ಮ ಜಾಗ ಮಾತ್ರ ಇದ್ದಲ್ಲೇ ಇದೆ.

ಈ ಪಜೀತಿ ನಮ್ಮೊಬ್ಬರದೇ ಅಲ್ಲ, ಸಮುದ್ರದ ಶಂಖ-ಕಪ್ಪೆಚಿಪ್ಪುಗಳು ಐವತ್ತು ಕೋಟಿ ವರ್ಷದಿಂದ ಇದರಲ್ಲೇ ಇವೆ ಎಂದು ನಮಗೆ ಗೊತ್ತಾದದ್ದು ಕಳೆದ ವರ್ಷ, ಐದನೇ ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ. ನಮ್ಮ ರೂಮಿನಲ್ಲಿ ನಾಲ್ವರು. ಅದರಲ್ಲೊಬ್ಬ ಡಿಪ್ಲೊಮಾ ಮುಗಿಸಿ ಎರಡನೇ ವರ್ಷಕ್ಕೆ ಬಂದು ಸೇರಿದವನು, ಕುಮಟಾ ಕಡೆಯವನು. ಹಾಸ್ಟೆಲ್ ಪದ್ಧತಿಯಂತೆ ಅವನ ಹೆಸರೂ ಕುಮಟಾ ಎಂದೇ ಆಗಿಹೋಗಿದೆ. ರಜೆಗೆ ಅವನ ಮನೆಗೆ ಹೋಗಿದ್ದೆವು. ಅಘನಾಶಿನಿ ಹೊಳೆಯ ಆ ದಂಡೆಯಲ್ಲಿ ನೀರು ಇಳಿದಾಗ ಜನ ಕೆಸರಿಗಿಳಿದು ಬಳಚು ಆರಿಸುತ್ತಾರೆ. ಮಾಂಸ ಸಾರಿಗೆ, ಚಿಪ್ಪು ಸುಣ್ಣಕ್ಕೆ. ಅವನ ಆಯಿ ಮಾಡಿದ ಬಳಚಿನ ಪಲ್ಯ ತಿಂದು, ಮರುದಿನ ಕಡಲ ದಂಡೆಯಲ್ಲಿ ಸುಮ್ಮನೆ ಚಿಪ್ಪು ಹೆಕ್ಕುತ್ತಾ ಕೂತಿದ್ದಾಗ ನಮ್ಮ ಮೆಕ್ಯಾನಿಕಲ್ ಗೆಳೆಯ ಒಂದು ಚಿಪ್ಪನ್ನು ಎತ್ತಿ ಹಿಡಿದು, 'ಲೋ, ಇದು ಕೌಂಟರ್‌ಸಿಂಕ್ ಹೋಲ್ ಕಣ್ರೋ!' ಅಂದ.

ನಿಜಕ್ಕೂ ಹಾಗೇ ಇತ್ತು. ಅಚ್ಚುಕಟ್ಟಾದ ದುಂಡನೆಯ ತೂತು. ಹೊರಗಡೆ ಅಗಲ, ಒಳಗಡೆ ಸಣ್ಣದು, ಅಂಚು ಇಳಿಜಾರು. ಸ್ಕ್ರೂ ತಲೆ ಕೂರಲೆಂದು ವರ್ಕ್‌ಶಾಪಿನಲ್ಲಿ ನಾವು ಮಾಡುತ್ತೇವಲ್ಲ, ಥೇಟ್ ಅದೇ. ಒಂದಲ್ಲ, ಅರ್ಧ ಗಂಟೆಯಲ್ಲಿ ಹದಿನಾಲ್ಕು ಸಿಕ್ಕವು. ನಾವು ಅವನ್ನು ಸಾಲಾಗಿ ಜೋಡಿಸುವುದನ್ನು ನೋಡಿ ಅವನ ಆಯಿಗೆ ನಗು. 'ತೂತಿದ್ದದ್ದು ಖಾಲಿ ಇರ್ತದೆ, ಅದನ್ಯಾಕೆ ಹೆಕ್ತೀರಿ?' ಅಂದರು. ಆ ಒಂದು ಮಾತಿನಲ್ಲಿ ಅರ್ಧ ವಿಜ್ಞಾನವಿತ್ತು. ಅದು ಖಾಲಿ ಇರುವುದು ಯಾರೋ ತೂತು ಕೊರೆದು ತಿಂದುಹೋದದ್ದರಿಂದ.

ಕೊರೆದದ್ದು ಇನ್ನೊಂದು ಶಂಖುಹುಳು. ನ್ಯಾಟಿಸಿಡ್ ಎಂಬ ಕುಟುಂಬದ್ದು, ಚಂದ್ರಶಂಖು ಎನ್ನಬಹುದಾದ ನುಣ್ಣನೆಯ ಉರುಟು ಜೀವಿ. ಮರಳಿನೊಳಗೇ ತೆವಳುತ್ತಾ ಹೋಗಿ ಬೇಟೆಯನ್ನು ತನ್ನ ಅಗಲವಾದ ಪಾದದಿಂದ ಅಪ್ಪಿ ಹಿಡಿಯುತ್ತದೆ. ಅದರ ನಾಲಿಗೆಯ ತುಂಬ ಅರದಂತೆ ಹಲ್ಲುಗಳು. ಜೊತೆಗೆ ಆಮ್ಲ ಮತ್ತು ಎಂಜೈಮ್ ಒಸರುವ ಒಂದು ಅಂಗ. ಸ್ವಲ್ಪ ಹೊತ್ತು ಆಮ್ಲ ಹಚ್ಚಿ ಚಿಪ್ಪನ್ನು ಮೆದುಮಾಡುವುದು, ಆಮೇಲೆ ನಾಲಿಗೆಯಿಂದ ಕೆರೆಯುವುದು, ಮತ್ತೆ ಆಮ್ಲ. ತೆಳು ಚಿಪ್ಪಾದರೆ ಕೆಲವು ಗಂಟೆ, ದಪ್ಪನೆಯದಾದರೆ ದಿನಗಟ್ಟಲೆ ಕೆಲಸ. ತೂತು ಬಿದ್ದ ಮೇಲೆ ಒಳಗೆ ಸೊಂಡಿಲು ಹಾಕಿ ಊಟ. ಮ್ಯೂರಿಸಿಡ್ ಎಂಬ ಇನ್ನೊಂದು ಕುಟುಂಬವೂ ಕೊರೆಯುತ್ತದೆ, ಆದರೆ ಅದರ ತೂತಿನ ಗೋಡೆ ಸಾಮಾನ್ಯವಾಗಿ ನೆಟ್ಟಗಿರುತ್ತದೆ. ಹಾಗಾಗಿ ತೂತಿನ ಆಕಾರ ನೋಡಿ ಕೊಂದವರ ಮನೆತನ ಹೇಳಬಹುದು. ಕೋಟ್ಯಂತರ ವರ್ಷ ಹಳೆಯ ಪಳೆಯುಳಿಕೆಯಲ್ಲೂ ಹೇಳಬಹುದು.

ಇದೇ ಈ ವಿಷಯದ ಸ್ವಾರಸ್ಯ. ಹುಲಿ ಜಿಂಕೆಯನ್ನು ತಿಂದದ್ದಕ್ಕೆ ಭೂಮಿಯಲ್ಲಿ ಸಾಕ್ಷಿ ಉಳಿಯುವುದು ಅಪರೂಪ. ಚಿಪ್ಪಿನ ಜೀವಿಗಳ ಮೈಮೇಲೆ ಮಾತ್ರ ದಾಳಿ, ರಕ್ಷಣೆ, ಸೋಲು, ಗೆಲುವು ಎಲ್ಲವೂ ಕಲ್ಲಾಗಿ ಕೂತಿರುತ್ತದೆ. ಸುಮಾರು 55 ಕೋಟಿ ವರ್ಷಗಳ ಹಿಂದಿನ ಕ್ಲೌಡಿನಾ ಎಂಬ ಜೀವಿ ಮೈಸುತ್ತ ಖನಿಜದ ಕೊಳವೆ ಕಟ್ಟಿಕೊಂಡ ಮೊದಮೊದಲ ಪ್ರಾಣಿಗಳಲ್ಲಿ ಒಂದು. ಚೀನಾದಲ್ಲಿ ಸಿಕ್ಕ ಅಂಥ ಕೊಳವೆಗಳಲ್ಲೂ ಆಗಲೇ ತೂತುಗಳಿದ್ದವು. 1992ರಲ್ಲಿ ಅವುಗಳ ಬಗ್ಗೆ ಬರೆದ ಬೆಂಗ್ಟ್‌ಸನ್ ಮತ್ತು ಯುವೆ ಝಾವೊ ಅವರು ಅದು ಬೇಟೆಗಾರನ ಕೆಲಸವೆಂದೇ ಓದಿದರು. ಬಾಗಿಲು ಹುಟ್ಟಿದಾಗಲೇ ಕಳ್ಳನೂ ಹುಟ್ಟಿದ ಹಾಗೆ.

ನಮ್ಮ ಕರ್ನಾಟಕದ ಕಲ್ಲುಗಳಲ್ಲಿ ಈ ಕಥೆ ಹೆಚ್ಚು ಸಿಗುವುದಿಲ್ಲ. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ. ಅಷ್ಟು ಹಿಂದೆ ಚಿಪ್ಪೂ ಇಲ್ಲ, ಕಚ್ಚುವ ಬಾಯಿಯೂ ಇಲ್ಲ. ನಮ್ಮ ಹಳೇ ಮನೆಗಳ ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲು ಸುಣ್ಣದ ಕಲ್ಲೇ ಆದರೂ ಅದರಲ್ಲಿ ಶಂಖ ಹುಡುಕಿ ಫಲವಿಲ್ಲ. ಶಂಖದ ಪಳೆಯುಳಿಕೆ ಬೇಕೆಂದರೆ ತಮಿಳುನಾಡಿನ ಅರಿಯಲೂರಿಗೋ ಗುಜರಾತಿನ ಕಚ್ಛ್‌ಗೋ ಹೋಗಬೇಕು. ಆದರೆ ಅದೇ ಯುದ್ಧದ ಇವತ್ತಿನ ಎಪಿಸೋಡು ನಮ್ಮ ಕರಾವಳಿಯಲ್ಲಿ ದಿನಾ ನಡೆಯುತ್ತಿದೆ, ಟಿಕೆಟ್ ಇಲ್ಲದೆ.

ಈ ಯುದ್ಧವನ್ನು ಕೈಬೆರಳಿನಿಂದ ಓದಿದ ಒಬ್ಬರಿದ್ದಾರೆ. ಹೀರಾಟ್ ವರ್ಮೇ, 1946ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಹುಟ್ಟಿದವರು. ಮೂರು ವರ್ಷ ತುಂಬುವ ಹೊತ್ತಿಗೆ ಪೂರ್ತಿ ದೃಷ್ಟಿ ಹೋಯಿತು. 1955ರಲ್ಲಿ ಮನೆಯವರೆಲ್ಲ ಅಮೆರಿಕಕ್ಕೆ ಬಂದರು. ಅಲ್ಲಿ ಶಾಲೆಯಲ್ಲಿ ಟೀಚರ್ ಒಬ್ಬರು ಫ್ಲಾರಿಡಾದಿಂದ ತಂದಿಟ್ಟ ಚಿಪ್ಪುಗಳನ್ನು ಈ ಹುಡುಗ ಮುಟ್ಟಿ ನೋಡಿದ. ಹಾಲೆಂಡಿನ ತಣ್ಣನೆಯ ದಂಡೆಯ ಚಿಪ್ಪುಗಳು ಒರಟಾಗಿ, ಸಪ್ಪೆಯಾಗಿ ಇದ್ದವು; ಇವಕ್ಕೆ ಮುಳ್ಳು, ಏಣು, ಒಳಗೆ ಗಾಜಿನಂಥ ನುಣುಪು. ಬೆಚ್ಚಗಿನ ನೀರಿನ ಚಿಪ್ಪುಗಳಿಗೆ ಯಾಕಿಷ್ಟು ಅಲಂಕಾರ? ಆ ಪ್ರಶ್ನೆಯೇ ಅವರ ಜೀವನದ ಕೆಲಸವಾಯಿತು. ಕಣ್ಣಿದ್ದವರು ಬಣ್ಣ ನೋಡಿ ಬದಿಗಿಡುತ್ತಿದ್ದ ಚಿಪ್ಪಿನಲ್ಲಿ ಅವರ ಬೆರಳಿಗೆ ಒಡೆದು ಮತ್ತೆ ಕೂಡಿಕೊಂಡ ಗೆರೆಗಳು ಸಿಕ್ಕವು.

ಅವರು ಕಂಡುಕೊಂಡ ಉತ್ತರ ಸರಳ. ಅದು ಅಲಂಕಾರವಲ್ಲ, ಕೋಟೆ. ಬೆಚ್ಚಗಿನ ಸಮುದ್ರದಲ್ಲಿ ಚಿಪ್ಪು ಒಡೆಯುವ ಏಡಿ, ಮೀನುಗಳು ಜಾಸ್ತಿ, ಬಲಿಷ್ಠ. ಅಲ್ಲಿ ಸುಣ್ಣ ಕಟ್ಟುವ ಖರ್ಚೂ ಕಡಿಮೆ. 1977ರಲ್ಲಿ ಅವರು ಇದನ್ನು ಕಾಲದ ಉದ್ದಕ್ಕೂ ಎಳೆದು ನೋಡಿದರು. ಡೈನೊಸಾರ್‌ಗಳು ನೆಲದ ಮೇಲೆ ಓಡಾಡುತ್ತಿದ್ದ ಜುರಾಸಿಕ್ ಮತ್ತು ಕ್ರಿಟೇಶಿಯಸ್ ಕಾಲದಲ್ಲಿ ಸಮುದ್ರದಡಿಯಲ್ಲಿ ದೊಡ್ಡದೊಂದು ಬದಲಾವಣೆ ಆಯಿತು. ಚಿಪ್ಪು ಪುಡಿಮಾಡುವ ಏಡಿಗಳು, ತೂತು ಕೊರೆಯುವ ಶಂಖುಗಳು, ಚಿಪ್ಪು ಒಡೆಯುವ ಮೀನುಗಳು ಹೆಚ್ಚಾದವು. ಇದಕ್ಕೆ 'ಮೀಸೋಜೋಯಿಕ್ ಸಮುದ್ರ ಕ್ರಾಂತಿ' ಎಂದು ಹೆಸರಿಟ್ಟರು.

ಕ್ರಾಂತಿಗೆ ಒಬ್ಬೊಬ್ಬರು ಒಂದೊಂದು ರೀತಿ ಉತ್ತರ ಕೊಟ್ಟರು, ಅದನ್ನು ಓದುವಾಗ ನಮಗೆ ನಮ್ಮ ಬ್ಯಾಚ್ ನೆನಪಾಗುತ್ತಿತ್ತು. ಕೆಲವು ಶಂಖುಗಳು ಗೋಡೆ ದಪ್ಪ ಮಾಡಿಕೊಂಡವು, ಬಾಯಿ ಕಿರಿದು ಮಾಡಿಕೊಂಡವು, ಮುಳ್ಳು ಬೆಳೆಸಿಕೊಂಡವು. ಸಡಿಲ ಸುರುಳಿಯ, ಸುಲಭವಾಗಿ ಮುರಿಯುವ ವಿನ್ಯಾಸಗಳು ಕಡಿಮೆಯಾದವು. ಎರಡು ಹೋಳಿನ ಕಪ್ಪೆಚಿಪ್ಪುಗಳಲ್ಲಿ ಹಲವು ಮರಳಿನ ಆಳಕ್ಕೆ ಇಳಿದು, ಉಸಿರಾಟಕ್ಕೆ ಮಾತ್ರ ಒಂದು ಕೊಳವೆ ಮೇಲೆ ಬಿಟ್ಟುಕೊಂಡವು. ಸ್ಕ್ಯಾಲಪ್ ಜಾತಿಯವು ಚಿಪ್ಪನ್ನು ಚಪ್ಪಾಳೆಯಂತೆ ಬಡಿದು ಈಜಿ ತಪ್ಪಿಸಿಕೊಳ್ಳುತ್ತವೆ. ಸಮುದ್ರ ಲಿಲಿ ಎನ್ನುವ ಕ್ರೈನಾಯ್ಡ್‌ಗಳು ಹಿಂದೆ ಆಳವಿಲ್ಲದ ನೀರಲ್ಲೂ ಕಾಂಡದ ಮೇಲೆ ಹೂವಿನಂತೆ ನಿಂತಿರುತ್ತಿದ್ದವು. ಕಾಂಡವಿರುವ ಕ್ರೈನಾಯ್ಡ್‌ಗಳು ಇವತ್ತು ಉಳಿದಿರುವುದು ಆಳ ಸಮುದ್ರದಲ್ಲಿ. ದಂಡೆಯ ಹತ್ತಿರ ಉಳಿದ ಅವುಗಳ ನೆಂಟರು ಕಾಂಡವನ್ನೇ ಬಿಟ್ಟು ತೆವಳುವುದನ್ನೂ ಈಜುವುದನ್ನೂ ಕಲಿತರು. ಒಂದೇ ಪ್ರಶ್ನೆಪತ್ರಿಕೆ, ಐದು ಬಗೆಯ ಉತ್ತರ. ಎಲ್ಲದಕ್ಕೂ ಖರ್ಚಿದೆ. ದಪ್ಪ ಚಿಪ್ಪಿನವನು ನಿಧಾನ, ಆಳಕ್ಕೆ ಹೋದವನಿಗೆ ಅನ್ನ ಕಡಿಮೆ.

ಮೆಟೀರಿಯಲ್ಸ್ ಪೇಪರ್ ಓದಿದವರಿಗೆ ಇನ್ನೊಂದು ಖುಷಿ ಇದೆ. ಮುತ್ತಿನ ಚಿಪ್ಪಿನ ಒಳಪದರ ಇಟ್ಟಿಗೆ-ಗಾರೆಯ ಗೋಡೆಯಂತೆ. ಖನಿಜದ ಸಣ್ಣ ಹಲಗೆಗಳು, ನಡುವೆ ಪ್ರೋಟೀನಿನ ತೆಳು ಅಂಟು. ಬಿರುಕು ನೇರ ಹೋಗಲಾರದೆ ಪ್ರತಿ ಇಟ್ಟಿಗೆಯ ಸುತ್ತ ಅಲೆಯಬೇಕು. ಕೊರ್ಬುಲಾ ಎಂಬ ಪುಟ್ಟ ಕಪ್ಪೆಚಿಪ್ಪಿನಲ್ಲಿ ಪ್ಲೈವುಡ್‌ನಂತೆ ಮಧ್ಯೆ ಮಧ್ಯೆ ಸಾವಯವ ಪದರ ಇರುತ್ತದೆ. ಆ ಪದರಕ್ಕೆ ಬಂದು ಅರ್ಧಕ್ಕೇ ನಿಂತುಹೋದ ತೂತುಗಳು ಪಳೆಯುಳಿಕೆಗಳಲ್ಲಿ ಸಿಗುತ್ತವೆ. ಕೊರೆಯುವವನು ಮಧ್ಯದಲ್ಲೇ ಬಿಟ್ಟು ಹೋಗಿದ್ದಾನೆ.

ಇನ್ನೊಂದು ಸಂಗತಿ ನಮ್ಮ ದೇವರಮನೆಗೆ ಸಂಬಂಧಪಟ್ಟದ್ದು. ಕಲಾಪ್ಪಾ ಎಂಬ ಏಡಿಯ ಬಲಗೊಂಬಿನಲ್ಲಿ ಒಂದು ವಿಶೇಷ ಹಲ್ಲಿದೆ. ಡಬ್ಬಿಯ ಮುಚ್ಚಳ ಕತ್ತರಿಸುವ ಓಪನರ್ ಥರ ಅದು ಶಂಖುವಿನ ಬಾಯಿಯ ಅಂಚಿನಿಂದ ಸುರುಳಿಯನ್ನು ಬಿಚ್ಚುತ್ತಾ ಹೋಗುತ್ತದೆ. ಈ ಟೂಲ್ ತಯಾರಾಗಿರುವುದು ಬಲಕ್ಕೆ ಸುತ್ತಿದ ಚಿಪ್ಪಿಗೆ, ಯಾಕೆಂದರೆ ಹೆಚ್ಚುಕಡಿಮೆ ಎಲ್ಲ ಶಂಖುಗಳೂ ಹಾಗೇ ಸುತ್ತಿರುತ್ತವೆ. ಎಡಕ್ಕೆ ಸುತ್ತಿದ್ದು ಸಿಕ್ಕರೆ ಏಡಿಗೆ ಫಜೀತಿ. ಎಡಸುರುಳಿಯ ಪಳೆಯುಳಿಕೆ ಶಂಖುಗಳ ಮೇಲೆ ಏಡಿಯ ಗಾಯಗಳು ಕಡಿಮೆ ಇವೆಯೆಂದು ಡೀಟಲ್ ಮತ್ತು ಹೆಂಡ್ರಿಕ್ಸ್ 2006ರಲ್ಲಿ ತೋರಿಸಿದರು. ನಾವು ಪೂಜಿಸುವ ಅಪರೂಪದ ದಕ್ಷಿಣಾವರ್ತ ಶಂಖ, ಜೀವಶಾಸ್ತ್ರದವರ ಲೆಕ್ಕದಲ್ಲಿ ಎಡಸುರುಳಿಯದು! ನಾವು ನೀರು ಹೊಯ್ಯುವ ಮೂತಿಯನ್ನು ಮೇಲಿಟ್ಟು ನೋಡುತ್ತೇವೆ, ಅವರು ಸುರುಳಿಯ ತುದಿಯನ್ನು ಮೇಲಿಟ್ಟು ನೋಡುತ್ತಾರೆ, ಅಷ್ಟೇ ವ್ಯತ್ಯಾಸ. ಇಷ್ಟು ಲಾಭವಿದ್ದರೆ ಎಲ್ಲವೂ ಎಡಕ್ಕೇ ಯಾಕೆ ಸುತ್ತಲಿಲ್ಲ? ಸುರುಳಿ ಉಲ್ಟಾ ಆದರೆ ಹಲವು ಜಾತಿಗಳಲ್ಲಿ ಜೋಡಿ ಕೂಡುವುದೇ ಕಷ್ಟ. ಏಡಿಯಿಂದ ಪಾರಾದವನು ಮದುವೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತಾನೆ.

ಹೀಗೆ ಒಬ್ಬರು ಏರಿದಂತೆ ಇನ್ನೊಬ್ಬರೂ ಏರುವುದಕ್ಕೆ 1979ರಲ್ಲಿ ಡಾಕಿನ್ಸ್ ಮತ್ತು ಕ್ರೆಬ್ಸ್ 'ಶಸ್ತ್ರಾಸ್ತ್ರ ಪೈಪೋಟಿ' ಎಂಬ ಹೋಲಿಕೆ ಬಳಸಿ ಬರೆದರು. ಅದಕ್ಕೂ ಮೊದಲು, 1973ರಲ್ಲಿ, ಲೀ ವ್ಯಾನ್ ವೇಲನ್ ಎಂಬವರು ಪಳೆಯುಳಿಕೆಯ ಲೆಕ್ಕ ಹಾಕಿ, ಒಂದು ಜೀವಿ ಗುಂಪು ಎಷ್ಟು ಕಾಲ ಬಾಳಿದ್ದರೂ ಅದು ಅಳಿಯುವ ಸಾಧ್ಯತೆ ಕಡಿಮೆಯಾಗುವುದಿಲ್ಲ ಎಂದರು. ಅನುಭವಕ್ಕೆ ಬೋನಸ್ ಇಲ್ಲ. ಸುತ್ತಲಿನವರೂ ಬದಲಾಗುತ್ತಲೇ ಇರುವುದರಿಂದ ಓಡಿದಷ್ಟೂ ಇದ್ದಲ್ಲೇ. ಲೂಯಿಸ್ ಕ್ಯಾರಲ್ ಕಥೆಯ ಕೆಂಪು ರಾಣಿಯ ಹೆಸರನ್ನು ಅವರು ಇದಕ್ಕೆ ಕೊಟ್ಟರು. ಇನ್ನೂ ಒಂದು ಮಾತಿದೆ. ಡಾಕಿನ್ಸ್-ಕ್ರೆಬ್ಸ್ ಹೇಳುವಂತೆ ಓಟದಲ್ಲಿ ಇಬ್ಬರ ಪಣವೂ ಸಮ ಅಲ್ಲ. ಮೊಲ ಓಡುವುದು ಜೀವಕ್ಕೆ, ನರಿ ಓಡುವುದು ಒಂದು ಹೊತ್ತಿನ ಊಟಕ್ಕೆ. ಸೋತರೆ ನರಿಗೆ ನಾಳೆ ಇದೆ.

ಈ ಸಾಲು ಓದಿದಾಗ ನಮ್ಮ ರೂಮಿನಲ್ಲಿ ಯಾರೂ ಮಾತಾಡಲಿಲ್ಲ. ಕಾರಣ ಕುಮಟಾ. ಅವನಿಗೆ ಮೂರು ಬ್ಯಾಕ್‌ಲಾಗ್ ಇದ್ದವು, ಮೂರರಲ್ಲಿ ಎರಡು ಗಣಿತ. ಡಿಪ್ಲೊಮಾದಿಂದ ಬಂದವರಿಗೆ ಗಣಿತ ಹೇಗೆ ಕಾಡುತ್ತದೆ ಎಂದು ಬಂದವರಿಗೇ ಗೊತ್ತು. ಪ್ಲೇಸ್‌ಮೆಂಟಿಗೆ ಬಂದ ಮೊದಲ ಕಂಪನಿಯ ನೋಟಿಸಿನಲ್ಲೇ 'ಬಾಕಿ ಇರುವ ವಿಷಯ ಇರಬಾರದು' ಎಂದಿತ್ತು, ಎರಡನೆಯದರಲ್ಲೂ ಅದೇ. ಮೋಟಾರ್ ಬಿಚ್ಚಿ ಜೋಡಿಸುವುದರಲ್ಲಿ ನಮ್ಮ ಇಡೀ ಬ್ಯಾಚಿನಲ್ಲಿ ಅವನಷ್ಟು ಕೈಚಳಕ ಇದ್ದವರಿಲ್ಲ, ಆದರೆ ಗೂಗಲ್ ಫಾರ್ಮ್‌ನಲ್ಲಿ ಅದಕ್ಕೆ ಕಾಲಂ ಇಲ್ಲ. ಅವನು ಮೆಸ್ಸಿಗೆ ನಮ್ಮ ಜೊತೆ ಬರುವುದನ್ನು ನಿಲ್ಲಿಸಿದ. ಒಂದು ರಾತ್ರಿ, 'ಊರಿಗೆ ಹೋಗಿಬಿಡ್ತೆ ಮಾರಾಯಾ, ಬೋಟಿನ ಇಂಜಿನ್ ರಿಪೇರಿ ಮಾಡಿದ್ರೂ ಹೊಟ್ಟೆಗೆ ಬರ್ತದೆ' ಅಂದ. ಅದು ತಪ್ಪು ಎಂದು ಹೇಳಲು ನಮ್ಮ ಹತ್ತಿರ ವಾದವಿರಲಿಲ್ಲ. ಅದೂ ಒಂದು ಉತ್ತರವೇ. ಆದರೆ ಅವನು ಹೇಳಿದ್ದು ಆಯ್ಕೆಯ ದನಿಯಲ್ಲಿ ಅಲ್ಲ.

ಆ ವಾರ ನಾವು ಓದಿದ್ದು ವರ್ಮೇ ಅವರ ಇನ್ನೊಂದು ವಾದವನ್ನು. 1982ರಲ್ಲಿ ಅವರು ಯಶಸ್ವಿಯಾಗದ ಬೇಟೆಯ ಬಗ್ಗೆ ಬರೆದರು. ಎಂಜಿನಿಯರ್‌ಗಳಾದ ನಮಗೆ ತಟ್ಟನೆ ಹೊಳೆಯಬೇಕಾದ ವಿಷಯ ಅದು. ಬೇಟೆಗಾರ ನೂರಕ್ಕೆ ನೂರು ಸಲ ಗೆದ್ದರೆ ಚಿಪ್ಪಿನ ವಿಕಾಸ ನಿಂತೇ ಹೋಗುತ್ತದೆ. ದಪ್ಪ ಚಿಪ್ಪಿನವನೂ ಸತ್ತ, ತೆಳು ಚಿಪ್ಪಿನವನೂ ಸತ್ತ; ಆಯ್ಕೆ ಮಾಡಲು ಯಾರೂ ಉಳಿಯಲಿಲ್ಲ. ಏಡಿ ಸೋತಾಗ ಮಾತ್ರ, ಅಂದರೆ ಪೆಟ್ಟು ತಿಂದೂ ಬದುಕಿದವನು ಮರಿ ಮಾಡಿದಾಗ ಮಾತ್ರ, ರಕ್ಷಣೆ ಮುಂದಿನ ಪೀಳಿಗೆಗೆ ದಾಟುತ್ತದೆ. ಆದ್ದರಿಂದ ಅವರು ತೂತು ಬಿದ್ದ ಚಿಪ್ಪಿನಷ್ಟೇ ಗಮನವನ್ನು ಗಾಯ ಮಾಯ್ದ ಚಿಪ್ಪಿಗೂ ಕೊಟ್ಟರು. ಏಡಿ ಅಂಚು ಮುರಿದ ಮೇಲೆ ಒಳಗಿನ ಜೀವಿ ಪಾರಾದರೆ ಮುರಿದಲ್ಲಿಂದಲೇ ಹೊಸ ಚಿಪ್ಪು ಕಟ್ಟುತ್ತದೆ. ಆ ಸೇರುವೆಯಲ್ಲಿ ಅಂಕುಡೊಂಕಾದ ಒಂದು ಗೆರೆ ಉಳಿಯುತ್ತದೆ, ಸಾಯುವವರೆಗೂ, ಸತ್ತು ಕೋಟಿ ವರ್ಷವಾದರೂ.

ಆದರೆ ಆ ಗೆರೆಯನ್ನು ಓದುವುದು ಸುಲಭವಲ್ಲ. ಒಂದು ಕಾಲದ ಚಿಪ್ಪುಗಳಲ್ಲಿ ಗಾಯದ ಗುರುತು ಹೆಚ್ಚಿದ್ದರೆ ಏನರ್ಥ? ದಾಳಿ ಜಾಸ್ತಿಯಾಗಿತ್ತು ಎಂದಿರಬಹುದು. ಚಿಪ್ಪು ಗಟ್ಟಿಯಾಗಿ ಹೆಚ್ಚು ಜನ ಬದುಕಿದರು ಎಂದೂ ಇರಬಹುದು. ಎರಡನೇ ಮಹಾಯುದ್ಧದಲ್ಲಿ ಅಬ್ರಹಾಂ ವಾಲ್ಡ್ ಎಂಬ ಸಂಖ್ಯಾಶಾಸ್ತ್ರಜ್ಞರು ವಾಪಸ್ಸು ಬಂದ ವಿಮಾನಗಳ ಗುಂಡಿನ ತೂತುಗಳ ಬಗ್ಗೆ ಮಾಡಿದ ಯೋಚನೆಯೇ ಇಲ್ಲೂ ಬೇಕು. ಗಾಯ ತೋರಿಸುವುದು ಬದುಕಿದವರನ್ನು. ಗುರುತು ಇಲ್ಲದವನು ಬಲಶಾಲಿ ಎಂದಲ್ಲ, ಅವನ ಹತ್ತಿರ ಏಡಿ ಇನ್ನೂ ಬಂದಿಲ್ಲ ಅಷ್ಟೇ ಇರಬಹುದು.

ಈ ಪೈಪೋಟಿ ಒಂದೇ ಸಮನೆ ಮೇಲಕ್ಕೇರುವ ಗ್ರಾಫ್ ಕೂಡ ಅಲ್ಲ. ಪೆಟ್ರಿಷಿಯಾ ಕೆಲ್ಲಿ ಮತ್ತು ಥಾರ್ ಹ್ಯಾನ್ಸನ್ ಅಮೆರಿಕದ ಕರಾವಳಿ ಬಯಲಿನ ಸಾವಿರಾರು ಪಳೆಯುಳಿಕೆ ಚಿಪ್ಪುಗಳ ತೂತು ಎಣಿಸಿದರು. ಕೊರೆಯುವ ಪ್ರಮಾಣ ಏರುತ್ತದೆ, ಇಳಿಯುತ್ತದೆ. ಸಾಮೂಹಿಕ ಅಳಿವು ಬಂದಾಗ ಲೆಕ್ಕವೇ ಅಲ್ಲೋಲಕಲ್ಲೋಲವಾಗುತ್ತದೆ. 6.6 ಕೋಟಿ ವರ್ಷಗಳ ಹಿಂದೆ ಕ್ಷುದ್ರಗ್ರಹ ಬಿದ್ದಾಗ ಅಮೊನೈಟ್‌ಗಳು ಪೂರ್ತಿ ಅಳಿದವು. ಎಷ್ಟೊಂದು ಚೆಂದದ, ಮುಳ್ಳಿನ, ಏಣಿನ ಚಿಪ್ಪು ಅವುಗಳದು! ಏಡಿ-ಮೀನುಗಳ ಪರೀಕ್ಷೆಗೆ ಓದಿಕೊಂಡದ್ದು ಆ ದಿನದ ಪರೀಕ್ಷೆಯಲ್ಲಿ ಉಪಯೋಗಕ್ಕೆ ಬರಲಿಲ್ಲ. ನಾವು ನಾಲ್ಕು ವರ್ಷ ಒಂದೇ ಶತ್ರುವಿಗೆ ಕವಚ ಕಟ್ಟುತ್ತೇವೆ, ಮಾರ್ಕೆಟ್ಟು ಬೇರೆ ದಿಕ್ಕಿನಿಂದ ಬೀಳುತ್ತದೆ. ಹಿಂದಿನ ಬ್ಯಾಚುಗಳನ್ನು ಕೇಳಿ ನೋಡಿ.

ಹೋಲಿಕೆಗೆ ಮಿತಿ ಇದೆ, ಅದನ್ನೂ ಹೇಳಿಬಿಡಬೇಕು. ಶಂಖು ಯೋಚಿಸಿ ದಪ್ಪ ಆಗುವುದಿಲ್ಲ. ತೆಳುವಾದವು ಸತ್ತು ದಪ್ಪದವು ಉಳಿಯುತ್ತವೆ. 'ಪ್ರಕೃತಿಯಲ್ಲೇ ಹೀಗಿದೆ, ಬಲ ಇದ್ದವನು ಉಳೀತಾನೆ' ಎಂದು ಚಿಪ್ಪು ತೋರಿಸಿ ಹಾಸ್ಟೆಲಿನ ಓಟಕ್ಕೆ ಮುದ್ರೆ ಒತ್ತುವವರಿಗೆ ನಮ್ಮ ಉತ್ತರ ಇಷ್ಟೇ: ಒಂದು ಶಂಖು ಇನ್ನೊಂದು ಶಂಖುವಿಗೆ ಎಂ3 ಹೇಳಿಕೊಟ್ಟ ದಾಖಲೆ ಯಾವ ಕಲ್ಲಿನಲ್ಲೂ ಇಲ್ಲ. ನಮಗೆ ಅದು ಸಾಧ್ಯ. ಎರಡು ತಿಂಗಳು ರಾತ್ರಿ ಊಟವಾದ ಮೇಲೆ ಒಂದು ಗಂಟೆ, ಲ್ಯಾಪ್ಲೇಸ್ ಮತ್ತು ಫೂರಿಯೇ, ಬಿಳಿ ಹಾಳೆ ಮುಗಿದರೆ ಹಳೇ ಲ್ಯಾಬ್ ರೆಕಾರ್ಡಿನ ಹಿಂಬದಿ. ನಮ್ಮ ಕೋಡಿಂಗ್ ಲೆಕ್ಕ ಮುನ್ನೂರಹತ್ತರಲ್ಲೇ ನಿಂತಿತು. ಕುಮಟಾ ಎರಡು ಪೇಪರ್ ಪಾಸಾದ. ಮೂರನೆಯದರ ಫಲಿತಾಂಶ ಈ ಲೇಖನ ಕಳಿಸುವವರೆಗೆ ಬಂದಿಲ್ಲ. ಊರಿಗೆ ಹೋಗುವ ಮಾತು ಅವನು ಪೂರ್ತಿ ಬಿಟ್ಟಿಲ್ಲ, ನಾವೂ ಒತ್ತಾಯ ಮಾಡುತ್ತಿಲ್ಲ. ಹೋದರೂ ಆಯ್ದುಕೊಂಡು ಹೋಗಲಿ ಎಂಬುದಷ್ಟೇ ನಮ್ಮಾಸೆ. ಮೆಸ್ಸಿಗೆ ಮಾತ್ರ ಈಗ ಜೊತೆಗೇ ಬರುತ್ತಾನೆ.

ಜೂನಿಯರ್‌ಗಳಿಗೆ ಒಂದು ಮಾತು. ಕಡಲ ಕಡೆ ಟ್ರಿಪ್ ಹೋದಾಗ ಸೆಲ್ಫಿ ಮುಗಿದ ಮೇಲೆ ಹತ್ತು ನಿಮಿಷ ಚಿಪ್ಪು ಹೆಕ್ಕಿ. ಕೌಂಟರ್‌ಸಿಂಕ್ ತೂತಿನವು ಬೇಗ ಸಿಗುತ್ತವೆ. ಅವನ್ನು ನೋಡಿ ಆಮೇಲೆ ಸುರುಳಿ ಶಂಖುಗಳನ್ನು ಕೈಗೆತ್ತಿಕೊಂಡು, ಕಣ್ಣು ಮುಚ್ಚಿ, ಉಗುರಿನ ತುದಿಯನ್ನು ಸುರುಳಿಯ ಉದ್ದಕ್ಕೆ ಆಡಿಸಿ. ಎಲ್ಲಾದರೂ ಉಗುರು ತಡೆದರೆ, ಗೆರೆ ಅಂಕುಡೊಂಕಾಗಿದ್ದರೆ, ಅಲ್ಲಿ ನಿಲ್ಲಿ. ಒಂದು ದಿನ ಯಾವುದೋ ಏಡಿ ಅಲ್ಲಿಯವರೆಗೆ ಬಂದು ಬರಿಗೈಲಿ ವಾಪಸ್ಸು ಹೋಗಿದೆ. ಗೆರೆಯ ಆಚೆ ಎಷ್ಟು ಸುತ್ತು ಚಿಪ್ಪು ಬೆಳೆದಿದೆ ಎಂದು ಎಣಿಸಿ ನೋಡಿ.